ಶಕ್ತಿನಗರದ ಹೊಗೆ, ಕಾಕಿನಾಡದ ಕೊಳವೆ

ಕಾಲುವೆ ಬೇಕೋ ಪೈಪು ಬೇಕೋ ಎಂಬ ಜಗಳ ರಾಯಚೂರು ಜಿಲ್ಲೆಯ ಪಾಮನಕಲ್ಲೂರಿಗೆ ಹೊಸದಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ನವೆಂಬರಿನಲ್ಲಿ ಇಲ್ಲಿ ಧರಣಿ ಕೂತ ರೈತರು ನೂರು ದಿನ ಕಳೆದರೂ ಏಳಲಿಲ್ಲ. 2021ರ ಏಪ್ರಿಲಿನ ಮಸ್ಕಿ ಉಪಚುನಾವಣೆಗೆ ಬಂದ ಪಕ್ಷದವರೆಲ್ಲ ಆ ಕಾಲುವೆಗೆ ಉತ್ತರ ಹೇಳಬೇಕಾಯಿತು. ಸರ್ಕಾರ ಮುಂದಿಟ್ಟದ್ದು ನಂದವಾಡಗಿ ಏತ ನೀರಾವರಿಯನ್ನು. ಅಂದರೆ ಪಂಪು, ಪೈಪು, ಹನಿ. ರೈತರು ಕೇಳಿದ್ದು ತಾನಾಗಿ ಹರಿದು ಬರುವ ನೀರನ್ನು. ಪೈಪು ಅಂದಕೂಡಲೇ ಕರೆಂಟು ಯಾರದು, ಕೆಟ್ಟರೆ ರಿಪೇರಿ ಯಾರದು ಎಂದು ಕೇಳುವುದು ಈ ಭಾಗದವರಿಗೆ ರೂಢಿಯಾಗಿದೆ. ಹಾಗಾಗಿ ಸಾವಿರಾರು ಮೈಲಿ ದೂರದ ಇನ್ನೊಂದು ಪೈಪಿನ ಕತೆಯನ್ನು ಇಲ್ಲಿ ಕೂತು ಲೆಕ್ಕ ಹಾಕುವುದರಲ್ಲಿ ಒಂದು ಅನುಕೂಲವಿದೆ.

ಬ್ರಿಟನ್ನಿನ ಸುತ್ತಲ ಸಮುದ್ರದಲ್ಲಿ ಎಣ್ಣೆ, ಅನಿಲ ತರಲೆಂದು ಹಿಂದಿನ ಶತಮಾನದಿಂದಲೂ ಉಕ್ಕಿನ ಕೊಳವೆ ಹಾಸುತ್ತ ಬಂದಿದ್ದಾರೆ. ಬಾವಿಗಳು ಒಂದೊಂದಾಗಿ ಬತ್ತುತ್ತಿವೆ, ಕೊಳವೆಗಳು ಖಾಲಿ ಬೀಳುತ್ತಿವೆ. ಅವನ್ನು ಕಿತ್ತು ತೆಗೆಯುವುದಕ್ಕೂ ದುಡ್ಡು, ಬಿಟ್ಟು ಕಾಯುವುದಕ್ಕೂ ದುಡ್ಡು. ಆಗ ಹುಟ್ಟಿದ ಆಲೋಚನೆ ಇದು: ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿದು, ಅದೇ ಕೊಳವೆಯಲ್ಲಿ ಹಿಂದುಮುಂದಾಗಿ ಹರಿಸಿ, ಅನಿಲ ತೆಗೆದು ಬರಿದಾದ ಅದೇ ಬಂಡೆಯ ಪದರಕ್ಕೆ ತುಂಬಿಬಿಡುವುದು. ಬಂದ ದಾರಿಯಲ್ಲೇ ವಾಪಸು.

ಕೇಳಲು ಚೆಂದವಾಗಿದೆ. ಸ್ಕಾಟ್ಲೆಂಡಿನ ಗೋಲ್ಡನ್‌ಐ ಕೊಳವೆಯ ಚರಿತ್ರೆ ನೋಡಿದರೆ ಮಾತ್ರ ಸ್ವಲ್ಪ ತಡೆದು ಮಾತಾಡಬೇಕೆನಿಸುತ್ತದೆ. ಸೇಂಟ್ ಫರ್ಗಸ್ ತೀರದಿಂದ ಸುಮಾರು ನೂರು ಕಿ.ಮೀ. ಒಳಗೆ ಹೋಗುವ, 20 ಇಂಚು ವ್ಯಾಸದ ಕೊಳವೆ ಅದು. 2004ರಲ್ಲಿ ಅನಿಲ ಹರಿಯತೊಡಗಿತು, 2011ರ ಹೊತ್ತಿಗೆ ಬತ್ತಿತು. ಕೊಳವೆಗೆ ವಯಸ್ಸಾಗಿರಲಿಲ್ಲ, ಉಕ್ಕು ಗಟ್ಟಿಯಾಗಿತ್ತು. ಮೊದಲು ಲಾಂಗನೆಟ್ ಕಲ್ಲಿದ್ದಲು ಸ್ಥಾವರದ ಹೊಗೆಯನ್ನು ಅದರಲ್ಲಿ ಕಳಿಸುವ ಯೋಜನೆ ಬಂತು. 2011ರಲ್ಲಿ ಅದು ಬಿದ್ದುಹೋಯಿತು. ಆಮೇಲೆ ಪೀಟರ್‌ಹೆಡ್ ಅನಿಲ ಸ್ಥಾವರದ ಯೋಜನೆ. 2015ರ ನವೆಂಬರಿನಲ್ಲಿ ಬ್ರಿಟಿಷ್ ಸರ್ಕಾರ 100 ಕೋಟಿ ಪೌಂಡಿನ ನೆರವನ್ನೇ ಹಿಂತೆಗೆದುಕೊಂಡಿತು. ಈಗ ಏಕಾರ್ನ್ ಎಂಬ ಮೂರನೆಯ ಯೋಜನೆ ಅದೇ ಕೊಳವೆಯನ್ನು ನೆಚ್ಚಿಕೊಂಡಿದೆ. 2025ರ ಜೂನಿನಲ್ಲಿ ಸರ್ಕಾರ ಅದರ ಸಿದ್ಧತೆಗೆ 20 ಕೋಟಿ ಪೌಂಡು ಕೊಡುವುದಾಗಿ ಹೇಳಿತು. ಇಷ್ಟೂ ವರ್ಷ ಕೊಳವೆ ಸಮುದ್ರದ ತಳದಲ್ಲಿ ಸುಮ್ಮನೆ ಮಲಗಿದೆ. ಎರಡು ಸಲವೂ ಯೋಜನೆ ಮುರಿದದ್ದಕ್ಕೆ ಕೊಳವೆ ಕಾರಣವಾಗಿರಲಿಲ್ಲ. ಹೊಗೆ ಹಿಡಿಯುವ ಖರ್ಚನ್ನು ಯಾರು ಹೊರಬೇಕು ಎಂಬುದೇ ಇತ್ಯರ್ಥವಾಗಲಿಲ್ಲ.

ನನ್ನ ತಕರಾರೂ ಇದೇ. ಹಳೇ ಕೊಳವೆ ಇದೆ, ಅರ್ಧ ಕೆಲಸ ಮುಗಿದಂತೆ ಎಂದು ಯೋಜನೆ ಮಾರುವವರು ಹೇಳುತ್ತಾರೆ. ಕಷ್ಟವಿರುವುದು ಕೊಳವೆಯ ಎರಡು ತುದಿಗಳಲ್ಲಿ. ನಡುವಿನದು ಕಡಿಮೆ ಕಷ್ಟ. ಅದೂ ಸುಲಭವೇನಲ್ಲ ಎಂಬುದನ್ನು ಮೊದಲು ನೋಡೋಣ.

ಮೊದಲನೆಯದು ಒತ್ತಡ. ಇಂಗಾಲದ ಡೈಆಕ್ಸೈಡನ್ನು ಅನಿಲವಾಗಿಯೇ ಸಾಗಿಸಿದರೆ ಕೊಳವೆ ತುಂಬ ಜಾಗ ತಿನ್ನುತ್ತದೆ, ಸಾಗುವುದು ಕಡಿಮೆ. ಆದ್ದರಿಂದ ಅದನ್ನು ಒತ್ತಿ ಒತ್ತಿ ದ್ರವದಷ್ಟು ಸಾಂದ್ರ ಮಾಡುತ್ತಾರೆ. 31 ಡಿಗ್ರಿ ಉಷ್ಣತೆ, 74 ಬಾರ್ ಒತ್ತಡ – ಇದು ಅದರ ಗಡಿರೇಖೆ. ನಾವು ಉಸಿರಾಡುವ ಗಾಳಿಯ ಒತ್ತಡ ಸುಮಾರು 1 ಬಾರ್ ಎಂಬುದನ್ನು ನೆನಪಿಟ್ಟುಕೊಳ್ಳಿ. ಗಡಿಯ ಆಸುಪಾಸಿನಲ್ಲಿ ತೂಗಾಡದಂತೆ ಕೊಳವೆಯಲ್ಲಿ 85, 100, 150 ಬಾರ್‌ವರೆಗೂ ಒತ್ತಡ ಇಡುತ್ತಾರೆ. ಉತ್ತರ ಸಮುದ್ರದ ತಳದಲ್ಲಿ ನೀರು ಸದಾ ತಣ್ಣಗಿರುವುದರಿಂದ ಇದು ಅಲ್ಲಿ ಸಲೀಸು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ರಾಯಚೂರಿನಲ್ಲಿ ಹೂತ ಕೊಳವೆಗೆ ಆ ತಂಪು ಸಿಗುವುದಿಲ್ಲ. 10 ಡಿಗ್ರಿಯಲ್ಲಿ, 100 ಬಾರಿನಲ್ಲಿ ಒಂದು ಘನ ಮೀಟರಿಗೆ 900 ಕೆ.ಜಿ. ಮೇಲೆ ಹಿಡಿಸುವ ವಸ್ತು 35 ಡಿಗ್ರಿಯಲ್ಲಿ 700 ಕೆ.ಜಿ. ಚಿಲ್ಲರೆಗೆ ಇಳಿಯುತ್ತದೆ. ಇನ್ನಷ್ಟು ಒತ್ತಬೇಕು, ಇನ್ನಷ್ಟು ಕರೆಂಟು ಸುಡಬೇಕು.

ಎರಡನೆಯದು ನೀರು. ಒಣಗಿದ ಇಂಗಾಲದ ಡೈಆಕ್ಸೈಡು ಉಕ್ಕಿಗೆ ಏನೂ ಮಾಡದು. ಅದರೊಂದಿಗೆ ಒಂದಿಷ್ಟು ತೇವ ಸೇರಿದರೆ ಕಾರ್ಬಾನಿಕ್ ಆಮ್ಲವಾಗಿ ಕೊಳವೆಯನ್ನು ಒಳಗಿಂದ ಮಿಲಿಮೀಟರುಗಟ್ಟಲೆ ತಿನ್ನುತ್ತದೆ. ನಾರ್ವೆಯ ನಾರ್ದರ್ನ್ ಲೈಟ್ಸ್ ಯೋಜನೆ, ತನ್ನ ಹಡಗಿಗೆ ತುಂಬುವ ಅನಿಲದಲ್ಲಿ ಹತ್ತು ಲಕ್ಷಕ್ಕೆ 30 ಭಾಗಕ್ಕಿಂತ ಹೆಚ್ಚು ನೀರು ಇರಕೂಡದು ಎಂದು ಕಟ್ಟುನಿಟ್ಟು ಮಾಡಿದೆ. ಕಲ್ಲಿದ್ದಲ ಹೊಗೆಯಲ್ಲಿ ಗಂಧಕದ, ಸಾರಜನಕದ ಆಕ್ಸೈಡುಗಳೂ ಇರುತ್ತವೆ. ಅವು ಒಂದಕ್ಕೊಂದು ಸೇರಿ ಕೊಳವೆಯೊಳಗೇ ಗಂಧಕಾಮ್ಲ, ನೈಟ್ರಿಕ್ ಆಮ್ಲ ಹುಟ್ಟಿಸಬಲ್ಲವು. ಹಳೇ ಕೊಳವೆಯ ಒಳಮೈಯಲ್ಲಿ ಹಿಂದಿನ ಎಣ್ಣೆಯ ಜಿಡ್ಡು, ಉಪ್ಪು, ತುಕ್ಕಿನ ಗುಳಿ ಎಲ್ಲ ಇರುತ್ತವೆ. ಅದನ್ನು ತೊಳೆದು ಒಣಗಿಸಬೇಕು. ಆಮೇಲೆ ‘ಪಿಗ್’ ಎಂದು ಕರೆಯುವ, ಒಳಗೇ ತೂರಿಕೊಂಡು ಹೋಗಿ ಕಾಂತಬಲದಿಂದ ಗೋಡೆಯ ದಪ್ಪ ಅಳೆಯುವ ಯಂತ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಬೇಕು. ಹೊರಗೆ ಸಮುದ್ರದ ಉಪ್ಪಿನಿಂದ ಕಾಪಾಡಲು ಕಟ್ಟಿದ ಸತುವಿನ, ಅಲ್ಯೂಮಿನಿಯಮ್ಮಿನ ಗಟ್ಟಿಗಳು ತಾವು ಕರಗಿ ಉಕ್ಕನ್ನು ಉಳಿಸುವಂಥವು, ಅವಕ್ಕೂ ಆಯುಸ್ಸಿದೆ. ಕವಾಟಗಳ ರಬ್ಬರು ಈ ಅನಿಲವನ್ನು ಹೀರಿ ಉಬ್ಬುತ್ತದೆ, ಒತ್ತಡ ಇಳಿದಾಗ ಒಳಗಿಂದ ಸಿಡಿಯುತ್ತದೆ. ಅವನ್ನೆಲ್ಲ ಬದಲಿಸಬೇಕು.

ಮೂರನೆಯದು ಸೀಳು. ನಿಸರ್ಗಾನಿಲದ ಕೊಳವೆ ಒಡೆದರೆ ಒತ್ತಡ ಥಟ್ಟನೆ ಕುಸಿಯುತ್ತದೆ, ಸೀಳು ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಒತ್ತಿ ದ್ರವವಾಗಿಸಿದ ಇಂಗಾಲದ ಡೈಆಕ್ಸೈಡು ಹಾಗಲ್ಲ. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ದ್ರವ ಉಳಿದಿರುವ ತನಕ ಒಲೆಯ ಉರಿ ಒಂದೇ ಸಮನಿರುತ್ತದಲ್ಲ, ಇದೂ ಹಾಗೆ: ದ್ರವ ಕುದಿಯುತ್ತಿರುವಷ್ಟು ಹೊತ್ತು ಒತ್ತಡ ಇಳಿಯುವುದಿಲ್ಲ. ಆ ಒತ್ತಡ ಸೀಳಿನ ಬಾಯಿಯನ್ನು ತಳ್ಳುತ್ತಲೇ ಇರುತ್ತದೆ. ಕೊಳವೆ ಉದ್ದಕ್ಕೂ ಬಿಚ್ಚಿಕೊಳ್ಳುತ್ತ ಹೋಗಬಹುದು. ಅದನ್ನು ತಡೆಯುವಷ್ಟು ಜಿಗುಟಾದ ಉಕ್ಕು ಬೇಕು. ಹಳೇ ಕೊಳವೆಗಳನ್ನು ತಯಾರಿಸಿದವರ ತಲೆಯಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಅದಕ್ಕೇ ಬಹಳ ಕಡೆ ಹಳೇ ಕೊಳವೆಯನ್ನು ಬಳಸಿದರೂ ಒತ್ತಡ ತಗ್ಗಿಸಿ, ಅನಿಲ ರೂಪದಲ್ಲೇ ಹರಿಸುತ್ತಾರೆ. ನೆದರ್ಲೆಂಡ್ಸಿನಲ್ಲಿ ರಾಟರ್‌ಡ್ಯಾಮಿನಿಂದ ಆಮ್‌ಸ್ಟರ್‌ಡ್ಯಾಮ್ ಕಡೆಗೆ ಹೋಗುವ, ಎಷ್ಟೋ ವರ್ಷ ಪಾಳುಬಿದ್ದಿದ್ದ ಎಣ್ಣೆಯ ಕೊಳವೆಯೊಂದು 2005ರಿಂದ ಹಾಗೇ ಕೆಲಸ ಮಾಡುತ್ತಿದೆ. ಅದರಲ್ಲಿ ಹೋಗುವ ಇಂಗಾಲವನ್ನು ಗಾಜಿನಮನೆಯ ಟೊಮೆಟೊ, ಹೂಗಿಡಗಳು ಉಣ್ಣುತ್ತವೆ. ಹಳೇ ಕೊಳವೆಯ ಮರುಬಳಕೆಯಲ್ಲಿ ನನಗೆ ಕಂಡ ಅತ್ಯಂತ ಸರಳ, ಗದ್ದಲವಿಲ್ಲದ ಉದಾಹರಣೆ ಅದು.

ಈ ಸೀಳು ಕಾಗದದ ಮೇಲಿನ ಭಯವಲ್ಲ. 2020ರ ಫೆಬ್ರವರಿ 22ರಂದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಟಾರ್ಶಿಯಾ ಎಂಬ ಹಳ್ಳಿಯ ಬಳಿ, ಮಳೆಗೆ ಗುಡ್ಡದ ಮಣ್ಣು ಜಾರಿ ಇಂಗಾಲದ ಡೈಆಕ್ಸೈಡಿನ 24 ಇಂಚಿನ ಕೊಳವೆ ಬೆಸುಗೆಯಲ್ಲಿ ಬಿಟ್ಟುಕೊಂಡಿತು. ಗಾಳಿಗಿಂತ ಭಾರವಾದ ಅನಿಲ ತಗ್ಗು ಹಿಡಿದು ಹಳ್ಳಿಗೆ ಇಳಿಯಿತು. ಆಮ್ಲಜನಕ ಸಿಗದೆ ಕಾರುಗಳು ನಿಂತ ಜಾಗದಲ್ಲೇ ಬಂದ್ ಆದವು, ಒಳಗಿದ್ದವರು ಮೂರ್ಛೆ ಹೋದರು. ಇನ್ನೂರರಷ್ಟು ಜನರನ್ನು ಊರು ಬಿಡಿಸಬೇಕಾಯಿತು, 45 ಮಂದಿ ಆಸ್ಪತ್ರೆ ಸೇರಿದರು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಸಮುದ್ರದ ಕೊಳವೆಯ ದೊಡ್ಡ ಅನುಕೂಲ ಇದೇ: ಅದರ ಪಕ್ಕದಲ್ಲಿ ಊರಿಲ್ಲ.

ನಮ್ಮ ಹತ್ತಿರದ ಪಾಠ ಇದಕ್ಕಿಂತ ಕಠೋರ. 2014ರ ಜೂನ್ 27ರ ಬೆಳಗಿನ ಜಾವ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಹಳ್ಳಿಯಲ್ಲಿ ಗೇಲ್ ಸಂಸ್ಥೆಯ ಅನಿಲ ಕೊಳವೆ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಜನ ಸುಟ್ಟುಹೋದರು. ಒಣ ಅನಿಲಕ್ಕೆಂದು ಹಾಕಿದ ಕೊಳವೆಯಲ್ಲಿ ತೇವದ ಅನಿಲ ಹರಿಸಿದ್ದರು, ನೀರು ತೆಗೆಯುವ ಘಟಕವೇ ಇರಲಿಲ್ಲ, ಒಳಗಿಂದ ತುಕ್ಕು ತಿಂದಿತ್ತು ಎಂದು ತನಿಖೆ ಹೇಳಿತು. ಕೊಳವೆಗೆ ಆಗ ಹದಿಮೂರು ವರ್ಷ. ಒಂದು ಕೆಲಸಕ್ಕೆ ಹಾಕಿದ ಕೊಳವೆಯನ್ನು ಇನ್ನೊಂದಕ್ಕೆ ಬಳಸುವಾಗ ಏನು ಆಗಬಹುದು ಎಂದು ತೋರಿಸಲು ಉತ್ತರ ಸಮುದ್ರದವರೆಗೆ ಹೋಗಬೇಕಿಲ್ಲ.

ಇನ್ನು ಕೊಳವೆಯ ಈ ತುದಿಗೆ ಬರೋಣ. ರಾಯಚೂರು ಜಿಲ್ಲೆಯಲ್ಲಿ ಹೊಗೆಗೆ ಬರವಿಲ್ಲ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಉರಿಯತೊಡಗಿದ ಉಷ್ಣವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ನ ಎಂಟು ಘಟಕ ಸೇರಿ 1720 ಮೆಗಾವ್ಯಾಟ್. ಯರಮರಸ್ ಸ್ಥಾವರದು ಬೇರೆ 1600. ಕಲ್ಲಿದ್ದಲಿನಿಂದ ಒಂದು ಯೂನಿಟ್ ಕರೆಂಟು ತೆಗೆದರೆ ಸರಿಸುಮಾರು ಒಂದು ಕೆ.ಜಿ. ಇಂಗಾಲದ ಡೈಆಕ್ಸೈಡು ಚಿಮಣಿ ಹತ್ತುತ್ತದೆ. ಆರ್‌ಟಿಪಿಎಸ್‌ನ ಎಲ್ಲ ಘಟಕಗಳೂ ಪೂರ್ತಿ ಓಡಿದ ದಿನ ಅದು 40 ಸಾವಿರ ಟನ್. ನಮ್ಮ ಬೂದಿ ಹೆಚ್ಚಿರುವ ಕಲ್ಲಿದ್ದಲು ಕೂಡ ಒಂದು ಟನ್ನಿಗೆ ಒಂದೂವರೆ ಟನ್ನಿನ ಹತ್ತಿರ ಇಂಗಾಲದ ಡೈಆಕ್ಸೈಡು ಬಿಡುತ್ತದೆ, ಗಾಳಿಯ ಆಮ್ಲಜನಕವೂ ಸೇರುವುದರಿಂದ. ರೈಲಿನಲ್ಲಿ ಬಂದದ್ದಕ್ಕಿಂತ ಕೊಳವೆಯಲ್ಲಿ ವಾಪಸು ಹೋಗಬೇಕಾದ ಸರಕೇ ಹೆಚ್ಚು ತೂಕ. ಹೂಳುವ ಮಾತಾಡುವವರು ಈ ಲೆಕ್ಕವನ್ನು ಜನರ ಮುಂದೆ ಇಡುವುದು ಕಡಿಮೆ.

ಇದರ ಪ್ರಮಾಣ ಎಷ್ಟು ದೊಡ್ಡದೆಂದು ತಿಳಿಯಲು ಒಂದು ಹೋಲಿಕೆ ಸಾಕು. ಇಟಲಿಯ ಏನಿ ಕಂಪನಿ ಇಂಗ್ಲೆಂಡಿನ ಲಿವರ್‌ಪೂಲ್ ಕೊಲ್ಲಿಯಲ್ಲಿ ಕೈಗೆತ್ತಿಕೊಂಡಿರುವ ಯೋಜನೆ ಹಳೇ ಕೊಳವೆ ಮರುಬಳಕೆಯಲ್ಲಿ ಎಲ್ಲರಿಗಿಂತ ಮುಂದಿದೆ. 1990ರ ದಶಕದಿಂದ ಅನಿಲ ಕೊಟ್ಟ ಹ್ಯಾಮಿಲ್ಟನ್, ಲೆನಾಕ್ಸ್ ನಿಕ್ಷೇಪಗಳಿಗೆ, ಇರುವ 149 ಕಿ.ಮೀ. ಕೊಳವೆಯನ್ನೇ ಬಳಸಿ, ಹೊಸದಾಗಿ 35 ಕಿ.ಮೀ. ಮಾತ್ರ ಹಾಕಿ ಇಂಗಾಲ ತುಂಬುವುದು. 2025ರ ಏಪ್ರಿಲಿನಲ್ಲಿ ಅದಕ್ಕೆ ಹಣ ಹೊಂದಿಕೆಯಾಯಿತು. ಅದರ ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 45 ಲಕ್ಷ ಟನ್. ಪೂರ್ತಿ ಓಡುವ ಶಕ್ತಿನಗರಕ್ಕೆ ಅಂಥವು ಮೂರಕ್ಕೂ ಹೆಚ್ಚು ಬೇಕು. ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ನೂರಕ್ಕೆ ಹನ್ನೆರಡು ಹದಿನಾಲ್ಕು ಅಷ್ಟೇ. ಅದನ್ನು ರಾಸಾಯನಿಕ ದ್ರಾವಣದಲ್ಲಿ ಹಿಡಿದು, ಕಾಯಿಸಿ ಬಿಡಿಸಿ, ಒಣಗಿಸಿ, ಒತ್ತುವುದಕ್ಕೆ ಸ್ಥಾವರದ ಐದನೇ ಒಂದರಿಂದ ನಾಲ್ಕನೇ ಒಂದು ಪಾಲು ಶಕ್ತಿಯೇ ಹೋಗುತ್ತದೆ. ನಲವತ್ತು ವರ್ಷ ಹಳೆಯ ಘಟಕಕ್ಕೆ ಇದನ್ನು ಜೋಡಿಸುವುದು ನನಗಂತೂ ಜಾಣತನವಾಗಿ ಕಾಣುವುದಿಲ್ಲ. ಅದರ ಬದಲು ಬಿಸಿಲಿಗೆ ಹಣ ಹಾಕಿದರೆ ಹೊಗೆಯೇ ಇರದು. ಬಿಸಿಲು ನಮ್ಮಲ್ಲಿ ಧಾರಾಳ.

ಹಾಗಾದರೆ ಇಂಗಾಲ ಹಿಡಿಯುವುದೇ ವ್ಯರ್ಥವೋ? ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ, ಮಳಖೇಡದ ಕಡೆ ನೋಡಬೇಕು. ಸಿಮೆಂಟಿನ ಗೂಡಿನಲ್ಲಿ ಸುಣ್ಣದಕಲ್ಲು ಕಾಯ್ದಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡು ಬಿಟ್ಟುಕೊಳ್ಳುತ್ತದೆ, 100 ಕೆ.ಜಿ. ಶುದ್ಧ ಸುಣ್ಣದಕಲ್ಲಿಗೆ 44 ಕೆ.ಜಿ. ಸಿಮೆಂಟ್ ಕಾರ್ಖಾನೆಯ ಹೊಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಗೂಡಿಗೆ ಸೌರಶಕ್ತಿಯನ್ನೇ ಕೊಟ್ಟರೂ ಇದು ತಪ್ಪುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕುಲುಮೆಗಳದೂ ಬಹುಮಟ್ಟಿಗೆ ಇದೇ ಕಷ್ಟ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆ 2025ರಿಂದ ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಘಟಕ ನಡೆಸುತ್ತಿದೆ. ಹಿಡಿದ ಇಂಗಾಲ ಹಡಗಿನಲ್ಲಿ ಹೋಗಿ, ಆಮೇಲೆ ಹೊಸದಾಗಿ ಹಾಕಿದ ಕೊಳವೆಯಲ್ಲಿ ಸಮುದ್ರದಡಿಗೆ ಸೇರುತ್ತದೆ. ಲಿವರ್‌ಪೂಲ್ ಕೊಲ್ಲಿಯ ಹಳೇ ಕೊಳವೆಗೂ ಪ್ಯಾಡ್ಸ್‌ವುಡ್‌ನ ಸಿಮೆಂಟ್ ಕಾರ್ಖಾನೆಯೇ ಮುಖ್ಯ ಗಿರಾಕಿಗಳಲ್ಲಿ ಒಂದು. ಹಿಡಿಯಲೇಬೇಕಾದ ಹೊಗೆ ಯಾವುದು ಎಂದರೆ ನಾನು ಸೇಡಂ ಕಡೆ ಕೈ ತೋರಿಸುತ್ತೇನೆ.

ಇನ್ನೊಂದು ತುದಿ ಎಲ್ಲಿ? ಕೃಷ್ಣೆ ಹರಿದು ಸೇರುವ ಸಮುದ್ರದಲ್ಲೇ ಇದೆ. ಕಾಕಿನಾಡದಾಚೆ, ಕೃಷ್ಣಾ–ಗೋದಾವರಿ ಜಲಾನಯನದ ಆಳ ನೀರಿನ ಕೆಜಿ–ಡಿ6 ಬ್ಲಾಕಿನಲ್ಲಿ ರಿಲಯನ್ಸಿನ ಡಿ1–ಡಿ3 ನಿಕ್ಷೇಪಗಳಿಂದ 2009ರ ಏಪ್ರಿಲಿನಲ್ಲಿ ಅನಿಲ ಹರಿಯಿತು. ಭಾರಿ ನಿರೀಕ್ಷೆ ಇತ್ತು. ಬಾವಿಗಳಿಗೆ ನೀರು, ಮರಳು ನುಗ್ಗಿತು, 2020ರ ಫೆಬ್ರವರಿಯಲ್ಲಿ ಉತ್ಪಾದನೆ ನಿಂತಿತು. ಬರಿದಾದ ನಿಕ್ಷೇಪ, ಗಾಡಿಮೊಗದ ತೀರಕ್ಕೆ ಬರುವ ಸಮುದ್ರದಡಿಯ ಕೊಳವೆ ಜಾಲ, ಎರಡೂ ಅಲ್ಲಿವೆ. ಆದರೆ ಅನಿಲ ಬಿಟ್ಟುಹೋದ ಜಾಗಕ್ಕೆ ನೀರು ನುಗ್ಗಿದ್ದರೆ ಅದು ಖಾಲಿ ಪಾತ್ರೆಯಲ್ಲ. ಆ ಜಾಲದ ಮೂಲಸೌಕರ್ಯವೂ ಪೂರ್ತಿ ಬಿಡುವಾಗಿಲ್ಲ. ಅಕ್ಕಪಕ್ಕದ ಹೊಸ ನಿಕ್ಷೇಪಗಳ ಅನಿಲ 2020ರ ಡಿಸೆಂಬರಿನಿಂದ ಅದನ್ನೇ ಅವಲಂಬಿಸಿದೆ. ಕಾಕಿನಾಡದಿಂದ ಹೊರಟು ಕರ್ನಾಟಕದ ಈಶಾನ್ಯ ಮೂಲೆಯನ್ನು ಸವರಿ ಭರೂಚಿಗೆ ಹೋಗುವ 48 ಇಂಚಿನ, ಸುಮಾರು 1400 ಕಿ.ಮೀ. ಉದ್ದದ ಕೊಳವೆಯಲ್ಲೂ ಅನಿಲ ಹರಿಯುತ್ತಿದೆ, ಅದೂ ನಮಗೆ ಬೇಕಾದ ದಿಕ್ಕಿಗೆ ವಿರುದ್ಧವಾಗಿ. ಶಕ್ತಿನಗರದಿಂದ ಕಾಕಿನಾಡಕ್ಕೆ ನೇರ ಗೆರೆ ಎಳೆದರೂ 500 ಕಿ.ಮೀ. ಮೀರುತ್ತದೆ. ಅಂದರೆ ಸಮುದ್ರದ ಕೊಳವೆ ಪುಕ್ಕಟೆ ಸಿಕ್ಕರೂ ನೆಲದ ಮೇಲಿನ ಐನೂರು ಕಿ.ಮೀ. ಹೊಸದಾಗಿ ಹಾಕಬೇಕು. ನಿಜವಾಗಿ ಮುಪ್ಪಾದ ಕೊಳವೆಗಳು ಇರುವುದು ಪಶ್ಚಿಮದಲ್ಲಿ, 1974ರಲ್ಲಿ ಎಣ್ಣೆ ಸಿಕ್ಕು 1976ರಲ್ಲಿ ಉತ್ಪಾದನೆ ಶುರುವಾದ ಮುಂಬೈ ಹೈ ಸುತ್ತ. ಅಲ್ಲಿ ಒಎನ್‌ಜಿಸಿ ಹಳೆಯ ಕೊಳವೆಗಳನ್ನು ಹಂತ ಹಂತವಾಗಿ ಬದಲಿಸುತ್ತಲೇ ಬಂದಿದೆ. ಎಣ್ಣೆಗೇ ಸಾಲದೆಂದು ಬಿಟ್ಟ ಕೊಳವೆಯನ್ನು ಇಂಗಾಲಕ್ಕೆ ಸಾಕೆನ್ನುವುದು ಕಷ್ಟ.

ಸಮುದ್ರ ದೂರವಾದರೆ ನೆಲದಲ್ಲೇ ಹೂಳಬಾರದೇ? ಪಾಮನಕಲ್ಲೂರು ಕೂತಿರುವುದು ಹಟ್ಟಿ–ಮಸ್ಕಿಯ ಹಳೆಯ ಶಿಲಾಪಟ್ಟಿಯ ಆಸುಪಾಸಿನಲ್ಲಿ. ಸುತ್ತ ಗಟ್ಟಿ ನೈಸ್, ಗ್ರಾನೈಟು. ಅದರಲ್ಲಿ ಅನಿಲ ಹಿಡಿದಿಡುವ ಸಂದುಗೊಂದು ಕಡಿಮೆ. ಉತ್ತರಕ್ಕೆ ವಿಜಯಪುರ, ಕಲಬುರಗಿ, ಬೀದರ್ ಕಡೆ ದಖ್ಖನ್ನಿನ ಕಪ್ಪು ಬಸಾಲ್ಟು ಶುರುವಾಗುತ್ತದೆ. ಐಸ್‌ಲ್ಯಾಂಡಿನ ಕಾರ್ಬ್‌ಫಿಕ್ಸ್ ತಂಡ 2012ರಲ್ಲಿ ಬಸಾಲ್ಟಿಗೆ ಇಂಗಾಲ ಇಳಿಸಿ, ಅದರ ಬಹುಪಾಲು ಎರಡು ವರ್ಷದೊಳಗೆ ಕಲ್ಲಾಯಿತೆಂದು 2016ರಲ್ಲಿ ತೋರಿಸಿತು. ದಖ್ಖನ್ ಬಸಾಲ್ಟಿನ ಮೇಲೂ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐ, ಎನ್‌ಟಿಪಿಸಿ ಜೊತೆ ಸೇರಿ ಅಧ್ಯಯನ ನಡೆಸಿದೆ. ನನಗೆ ಆಸೆ ಹುಟ್ಟಿಸುವ ದಾರಿ ಇದು. ಆದರೆ ಐಸ್‌ಲ್ಯಾಂಡಿನ ವಿಧಾನದಲ್ಲಿ ಒಂದು ಟನ್ ಇಂಗಾಲದ ಡೈಆಕ್ಸೈಡು ಕರಗಿಸಲು ಸುಮಾರು 25 ಟನ್ ನೀರು ಬೇಕು. ದಿನಕ್ಕೆ 40 ಸಾವಿರ ಟನ್ನಿನ ಲೆಕ್ಕ ಹಿಡಿದು ವರ್ಷಕ್ಕೆ ಗುಣಿಸಿದರೆ ಹತ್ತಿರ ಹತ್ತಿರ 13 ಟಿಎಂಸಿ. ಕಾಲುವೆಯ ಕೊನೆಯಂಚಿನಲ್ಲಿ ನೀರಿಗೆ ಕಾಯುವವರ ಎದುರು ಈ ಅಂಕಿ ಹೇಳಲು ಯಾವ ಅಧಿಕಾರಿಗೂ ಬಾಯಿ ಬರಲಾರದು. ಅಮೆರಿಕದ ವಾಲುಲಾದಲ್ಲಿ 2013ರಲ್ಲಿ ನೀರಿಲ್ಲದೆ, ಒತ್ತಿದ ಇಂಗಾಲವನ್ನೇ ಬಸಾಲ್ಟಿಗೆ ಇಳಿಸಿದರು. ಒಟ್ಟು ಸುಮಾರು ಸಾವಿರ ಟನ್. ಸೇಡಂ ಸುತ್ತಲಿನವರು ಕಣ್ಣಿಡಬೇಕಾದ್ದು ಆ ವಿಧಾನದ ಮೇಲೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಹೂಳುವ ಬದಲು ಇಂಗಾಲವನ್ನು ಮೆಥನಾಲ್ ಮಾಡುವ ಸಂಶೋಧನೆಯೂ ಇದೆ. ಅದಕ್ಕೆ ಜಲಜನಕ ಬೇಕು, ಜಲಜನಕಕ್ಕೆ ಮತ್ತೆ ಕರೆಂಟು ಬೇಕು.

ಹೂತ ಮೇಲೆ ಕಾಯುವವರು ಯಾರು? ಯುರೋಪಿನ 2009ರ ನಿರ್ದೇಶನದ ಪ್ರಕಾರ, ಬಾವಿ ಮುಚ್ಚಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಹೊಣೆ ಕಂಪನಿಯದೇ. ಅನಿಲ ಅಲುಗದೆ ನಿಂತಿದೆ ಎಂದು ಖಾತ್ರಿಯಾದರಷ್ಟೇ ಸರ್ಕಾರಕ್ಕೆ ವರ್ಗಾವಣೆ. ಭಾರತದಲ್ಲಿ ನೀತಿ ಆಯೋಗ 2022ರ ನವೆಂಬರಿನಲ್ಲಿ ಇಂಗಾಲ ಹಿಡಿಯುವ ಬಗ್ಗೆ ದೊಡ್ಡ ವರದಿ ಹೊರಡಿಸಿತು, ಕೃಷ್ಣಾ–ಗೋದಾವರಿ ಜಲಾನಯನದ ಹೆಸರನ್ನೂ ಎತ್ತಿತು. ಜಮೀನಿನಡಿ ಕೊಳವೆ ಹಾಯಿಸುವಾಗ ನಮ್ಮಲ್ಲಿ ಅನ್ವಯವಾಗುವುದು 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆಮಾರ್ಗಗಳ ಕಾಯ್ದೆ. ಅದರಡಿ ಭೂಮಿ ರೈತನ ಹೆಸರಲ್ಲೇ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಹೋಗುತ್ತದೆ; ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಪರಿಹಾರ ಮಾರುಕಟ್ಟೆ ಬೆಲೆಯ ಶೇ. 10, ಬೆಳೆನಷ್ಟ ಬೇರೆ. ಹೊಗೆಯಿಂದ ಹಿಡಿದ ಇಂಗಾಲದ ಡೈಆಕ್ಸೈಡು ಪೆಟ್ರೋಲಿಯಮ್ಮೂ ಅಲ್ಲ, ಖನಿಜವೂ ಅಲ್ಲ. ಸೇಡಂನಿಂದಲೋ ಶಕ್ತಿನಗರದಿಂದಲೋ ಒಂದು ಕೊಳವೆ ಹೊರಡಬೇಕೆಂದರೆ ಆ ಕಾಯ್ದೆಯನ್ನು ಮೊದಲು ತಿದ್ದಬೇಕು. ತಿದ್ದುವಾಗ ಶೇ. 10 ಎಂಬ ಅಂಕಿಯನ್ನೂ, ಕವಾಟದ ಠಾಣೆ ಊರಿನಿಂದ ಎಷ್ಟು ದೂರ ಇರಬೇಕೆಂಬುದನ್ನೂ, ಸೋರಿದರೆ ತಗ್ಗಿನ ಓಣಿಗಳಿಗೆ ಸುದ್ದಿ ಮುಟ್ಟಿಸುವವರು ಯಾರೆಂಬುದನ್ನೂ ಬರೆಸಿಕೊಳ್ಳಬೇಕು.